ಸಿಟ್ಟು ಬಂದಾಗ ಮೆಸೇಜ್ ಕಳಿಸಬೇಡಿ, ಹೋಗಿ ಮಾತಾಡಿ

ನಾನು ಒಂದು ಸಣ್ಣ ತಂಡ ನೋಡಿಕೊಳ್ಳುತ್ತೇನೆ. ನಮ್ಮ ಕೆಲಸ ಮುಗಿಯಬೇಕಾದರೆ ಬೇರೆ ವಿಭಾಗದವರು ಅವರ ಪಾಲಿನದ್ದು ಮುಗಿಸಿಕೊಡಬೇಕು. ಅವರ ಮೇಲೆ ನನಗೆ ಅಧಿಕಾರ ಏನೂ ಇಲ್ಲ, ಹಾಗಾಗಿ ಅವರ ಜೊತೆ ಸಂಬಂಧ ಹಳಸಿದರೆ ಕೆಲಸವೂ ಅಲ್ಲೇ ನಿಲ್ಲುತ್ತದೆ.

ಅಕೌಂಟ್ಸ್‌ನಲ್ಲಿ ಒಬ್ಬ ಹಿರಿಯರಿದ್ದರು. ನಾವು ಕಳಿಸಿದ ಬಿಲ್ಲುಗಳನ್ನು ‘ಸರಿ ಇಲ್ಲ, ಮತ್ತೆ ಕಳಿಸಿ’ ಅಂತ ಒಂದೇ ಸಾಲು ಬರೆದು ವಾಪಸ್ ಮಾಡುತ್ತಿದ್ದರು. ‘ಬೇಕಂತಲೇ ಸತಾಯಿಸ್ತಾರೆ’ ಅಂತ ನಮ್ಮ ಹುಡುಗರು ತೀರ್ಮಾನ ಮಾಡಿಯಾಗಿತ್ತು. ನಾನು ಎದ್ದು ಅವರ ಟೇಬಲ್‌ಗೆ ಹೋಗೋಣ ಅಂದುಕೊಂಡೆ. ಅದಕ್ಕೂ ಮುಂಚೆ ಸುಮ್ನೆ ಕೂತು, ನನಗೆ ಈಗ ಆಗುತ್ತಿರುವುದು ಏನು ಅಂತ ಕೇಳಿಕೊಂಡೆ. ಮೇಲೆ ಕಾಣುತ್ತಿದ್ದದ್ದು ಸಿಟ್ಟು. ಒಳಗಿದ್ದದ್ದು ಹೇಳಿದ ದಿನಕ್ಕೆ ಕೆಲಸ ಮುಗಿಯಲ್ಲವೇನೋ ಅನ್ನೋ ಭಯ. ಹೀಗೆ ಭಾವನೆಗೆ ಹೆಸರಿಟ್ಟರೆ ಅದರ ಬಿಸಿ ಸ್ವಲ್ಪ ಇಳಿಯುತ್ತದೆ. 2007ರಲ್ಲಿ ಮನಃಶಾಸ್ತ್ರಜ್ಞ ಮ್ಯಾಥ್ಯೂ ಲೀಬರ್‌ಮನ್ ಮತ್ತು ಜೊತೆಗಾರರು ಮೆದುಳಿನ ಸ್ಕ್ಯಾನ್ ಮಾಡಿ ನೋಡಿದಾಗ, ಚಿತ್ರದಲ್ಲಿರುವ ಮುಖದ ಭಾವನೆ ಯಾವುದು ಅಂತ ಹೆಸರಿಸಿದವರಲ್ಲಿ ಅಮಿಗ್ಡಲಾದ, ಅಂದರೆ ಭಯದಂಥ ಭಾವನೆಗಳಿಗೆ ಸ್ಪಂದಿಸುವ ಮೆದುಳಿನ ಭಾಗದ, ಚಟುವಟಿಕೆ ಕಡಿಮೆಯಾಗಿತ್ತು.

ಹೋಗಿ ಕೇಳಿದೆ, ‘ಸರ್, ನಮ್ಮ ಬಿಲ್ಲು ನಿಮ್ಮ ಹತ್ರ ಬಂದ ಮೇಲೆ ಏನೇನು ಮಾಡಬೇಕಾಗುತ್ತೆ, ಸ್ವಲ್ಪ ತೋರಿಸ್ತೀರಾ?’ ಅವರು ಸ್ಕ್ರೀನ್ ನನ್ನ ಕಡೆ ತಿರುಗಿಸಿದರು. ಖರ್ಚಿನ ಕೋಡ್ ಒಂದು ತಪ್ಪಿದ್ದರೆ ಇಡೀ ಎಂಟ್ರಿ ರದ್ದು ಮಾಡಿ ಮತ್ತೆ ಹಾಕಬೇಕು. ‘ಆಡಿಟ್‌ನವರು ಕೇಳೋದು ನನ್ನನ್ನ, ನಿಮ್ಮನ್ನಲ್ಲ’ ಅಂದರು. ನಾನು ಅಲ್ಲಿ ಸಮಜಾಯಿಷಿ ಕೊಡಲಿಲ್ಲ. ‘ಅಂದ್ರೆ ತಪ್ಪು ನಮ್ಮ ಕಡೆಯಿಂದ ಆದ್ರೂ ಉತ್ತರ ಕೊಡಬೇಕಾದವರು ನೀವು, ಅಲ್ವಾ?’ ಅಂದೆ, ಅಷ್ಟೇ. ‘ಮತ್ತೆ!’ ಅಂತ ಪಕ್ಕದ ಕುರ್ಚಿ ಎಳೆದು ಕೂರಿಸಿದರು. ಆಮೇಲೆ ನನ್ನ ಕಷ್ಟವನ್ನೂ ಹೇಳಿದೆ. ಕೋಡ್‌ಗಳ ಪಟ್ಟಿ ಅವರೇ ಕೊಟ್ಟರು, ಏನು ತಪ್ಪಿದೆ ಅಂತ ಬರೆದೇ ವಾಪಸ್ ಕಳಿಸುತ್ತೇನೆ ಅಂತಲೂ ಒಪ್ಪಿದರು.

ಕೇಳಿದ್ದನ್ನು ನಮ್ಮ ಮಾತಲ್ಲಿ ಮತ್ತೆ ಹೇಳಿ, ಸರಿನಾ ಅಂತ ಕೇಳುವ ಈ ಅಭ್ಯಾಸ ಹೊಸದಲ್ಲ. ಮನಃಶಾಸ್ತ್ರಜ್ಞರಾದ ಕಾರ್ಲ್ ರೋಜರ್ಸ್ ಮತ್ತು ರಿಚರ್ಡ್ ಫಾರ್ಸನ್ 1957ರಲ್ಲೇ ಇದನ್ನು ಕೆಲಸದ ಜಾಗಕ್ಕೆ ಅಂತಲೇ ಬರೆದಿದ್ದರು. ಇದರರ್ಥ ಎದುರಿನವರು ಹೇಳಿದ್ದಕ್ಕೆಲ್ಲ ತಲೆಯಾಡಿಸಬೇಕು ಅಂತಲ್ಲ. ಅವರ ಮಾತು ನಮಗೆ ತಲುಪಿದೆ ಅಂತ ಅವರಿಗೆ ಗೊತ್ತಾಗಬೇಕು, ಅಲ್ಲಿಯವರೆಗೆ ನಾವು ಹೇಳುವ ಎಷ್ಟೇ ಒಳ್ಳೆಯ ಕಾರಣವೂ ಅವರ ಕಿವಿಗೆ ಬೀಳುವುದಿಲ್ಲ.

ಚಾಟ್, ಇಮೇಲ್ ವಿಷಯದಲ್ಲಿ ನನ್ನದು ಕಡ್ಡಾಯದ ನಿಯಮ: ಮಾತು ಬಿಸಿಯಾಗುತ್ತಿದೆ ಅನಿಸಿದ ತಕ್ಷಣ ಟೈಪ್ ಮಾಡುವುದು ನಿಲ್ಲಿಸಿ ಫೋನ್ ಮಾಡುತ್ತೇನೆ. ನಾವು ತಮಾಷೆಗೆ ಬರೆದದ್ದು ಅವರಿಗೆ ಚುಚ್ಚಿದ ಹಾಗೆ ಕೇಳಬಹುದು. ಇಮೇಲ್ ಬರೆದವರು ತಮ್ಮ ಧಾಟಿ ಓದುವವರಿಗೆ ಅರ್ಥವಾಗುತ್ತದೆ ಅಂತ ಇರುವುದಕ್ಕಿಂತ ಜಾಸ್ತಿ ನಂಬಿರುತ್ತಾರೆ ಅನ್ನೋದನ್ನು 2005ರಲ್ಲಿ ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತಿತರರು ಪ್ರಯೋಗ ಮಾಡಿ ತೋರಿಸಿದ್ದಾರೆ.

ತಪ್ಪು ಹೇಳಬೇಕಾದಾಗ ಸಿಹಿ ಸವರುವುದು ನನಗೆ ಹಿಡಿಸುವುದಿಲ್ಲ. ನಡೆದದ್ದನ್ನಷ್ಟೇ ಹೇಳುತ್ತೇನೆ. ‘ನಿಮಗೆ ಜವಾಬ್ದಾರಿನೇ ಇಲ್ಲ’ ಅಂದರೆ ಜಗಳ. ‘ನಿನ್ನೆ ರಿಪೋರ್ಟ್ ಸಂಜೆ ಬಂತು, ಮಧ್ಯಾಹ್ನದ ಮೀಟಿಂಗ್‌ನಲ್ಲಿ ನನ್ನ ಹತ್ರ ಉತ್ತರ ಇರಲಿಲ್ಲ, ಏನಾಯ್ತು?’ ಅಂದರೆ ಮಾತುಕತೆ. ಹೊಗಳುವಾಗಲೂ ಹಾಗೆಯೇ, ಯಾವ ಕೆಲಸಕ್ಕೆ ಅಂತ ಬಿಡಿಸಿ ಹೇಳುತ್ತೇನೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು. ಎಲ್ಲರೆದುರು ಹೀಯಾಳಿಸುವವರು, ಬೆದರಿಸುವವರು ಇದ್ದರೆ ಅದನ್ನು ತಾಳ್ಮೆಯಿಂದ ಕೇಳಿಸಿಕೊಂಡು ಸರಿಮಾಡುವ ಹೊಣೆ ನಿಮ್ಮದಲ್ಲ. ಯಾವತ್ತು ಏನಂದರು, ಯಾರಿದ್ದರು ಅಂತ ಬರೆದಿಟ್ಟುಕೊಳ್ಳಿ. ಮೇಲಿನವರಿಗೋ ಎಚ್‌ಆರ್‌ಗೋ ಬರವಣಿಗೆಯಲ್ಲೇ ದೂರು ಕೊಡಿ.