ತಕ್ಕಡಿ ಇಟ್ಟುಕೊಂಡು ಗಿಡ ಸಾಕಿದ್ದು: ನನ್ನ ಅನುಭವ

ಹತ್ತಿರ ಹತ್ತಿರ 14 ತಿಂಗಳಾಯಿತು, ನಮ್ಮ ಮನೆಯೊಳಗೆ ಒಂದೇ ಒಂದು ಗಿಡವೂ ಬೇರು ಕೊಳೆತು ಸತ್ತಿಲ್ಲ. ಈಗ 30ಕ್ಕೂ ಜಾಸ್ತಿ ಕುಂಡಗಳಿವೆ. ಇದನ್ನು ಸ್ವಲ್ಪ ಜಂಬದಿಂದಲೇ ಹೇಳುತ್ತಿದ್ದೇನೆ, ಯಾಕೆಂದರೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲೆ ಕುಂಡ ಇಟ್ಟು ನಂಬರ್ ಬರೆದುಕೊಳ್ಳುತ್ತಿದ್ದಾಗ ನಕ್ಕವರೇ ಎಲ್ಲ. "ಏನೋ ಇದು, ಗಿಡಾನ ತೂಕಕ್ಕೆ ಮಾರ್ತೀಯಾ?" ಅಂತ ಅಕ್ಕ ಕೇಳಿದ್ದಳು. ಗಿಡ ಸಾಕುವ ಗೆಳೆಯರೂ ಅಷ್ಟೇ. ಬೆರಳು ಮಣ್ಣಿಗೆ ಹಾಕಿ ನೋಡಿದರೆ ಸಾಕು, ಇಷ್ಟೆಲ್ಲ ಯಾಕೆ ಅಂದರು.

ಬೆರಳು ಹಾಕಿಯೇ ನಾನು ಮೊದಲ ಎರಡು ವರ್ಷದಲ್ಲಿ 11 ಗಿಡ ಕೊಂದಿದ್ದು. ಅದರಲ್ಲಿ ಎರಡು ಸ್ನೇಕ್ ಪ್ಲಾಂಟ್! ಯಾರ ಕೈಯಲ್ಲೂ ಸಾಯಲ್ಲ ಅನ್ನುವ ಗಿಡ. ಬುಡದ ಹತ್ತಿರ ಮೆತ್ತಗಾಗಿ, ಎಲೆ ಹಿಡಿದು ಎತ್ತಿದರೆ ಕೈಗೇ ಬಂತು, ವಾಸನೆ ಬೇರೆ. ಗಾಳಿ ಶುದ್ಧ ಮಾಡುತ್ತೆ ಅಂತ ಓದಿ ಮೂರು ಪೀಸ್ ಲಿಲಿ ತಂದಿದ್ದೆ. ಆ ಮಾತಿಗೆ ಮೂಲವಾದ 1989ರ ನಾಸಾ ಪ್ರಯೋಗ ಮಾಡಿದ್ದು ಗಾಳಿಯಾಡದ ಚಿಕ್ಕ ಪೆಟ್ಟಿಗೆಯಲ್ಲಿ ಅಂತ ಆಮೇಲೆ ಗೊತ್ತಾಯಿತು. ಕಿಟಕಿ ತೆಗೆದ ಮನೆಯಲ್ಲಿ ಮೂರು ಲಿಲಿ ಏನು ಮಾಡೀತು? ಮೂರೂ ಹೋದವು. ಎಲ್ಲಕ್ಕಿಂತ ಹೊಟ್ಟೆ ಉರಿದಿದ್ದು ಫಿಡಲ್ ಲೀಫ್ ಫಿಗ್‌ಗೆ. ಆ ಒಂದು ಗಿಡದ ದುಡ್ಡಿಗೆ ಇಪ್ಪತ್ತು ಮನಿ ಪ್ಲಾಂಟ್ ಬರುತ್ತಿತ್ತು, ಅದು ತಿಂಗಳೊಳಗೆ ಎಲೆ ಉದುರಿಸಿ ಬರೀ ಕೋಲಾಗಿ ನಿಂತಿತು.

ಇದರ ಮಧ್ಯೆ ಎರಡು ಕಡ್ಡಿ ಇರುವ ತೇವಾಂಶ ಮೀಟರ್ ಕೂಡ ಕೊಂಡೆ. ದಂಡ. ಅದು ಅಳೆಯುವುದು ನೀರನ್ನಲ್ಲ, ಮಣ್ಣಿನಲ್ಲಿ ಕರೆಂಟ್ ಎಷ್ಟು ಹರಿಯುತ್ತೆ ಅನ್ನುವುದನ್ನು. ಗೊಬ್ಬರದ ಉಪ್ಪು ಜಾಸ್ತಿ ಇದ್ದರೆ ಒದ್ದೆ ಅನ್ನುತ್ತೆ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಸಡಿಲವಾಗಿದ್ದರೆ ಒಣ ಅನ್ನುತ್ತೆ. ಅದನ್ನು ನಂಬಿ ನೀರು ಹಾಕಿ ಇನ್ನೊಂದು ಗಿಡ ಕಳೆದುಕೊಂಡೆ.

ತಕ್ಕಡಿ ಹೊಳೆದಿದ್ದು ಸತ್ತ ಝಡ್‌ಝಡ್ ಗಿಡವನ್ನು ಎಸೆಯಲು ಎತ್ತಿದಾಗ. ಮೇಲಿನ ಎರಡು ಇಂಚು ಧೂಳಿನ ಹಾಗೆ ಒಣಗಿತ್ತು, ಕುಂಡ ಮಾತ್ರ ಕಲ್ಲಿನ ಹಾಗೆ ಭಾರ. ಬಗ್ಗಿಸಿದರೆ ಕೆಳಗೆಲ್ಲ ಕೆಸರು. ಆಲೂಗಡ್ಡೆಯಂಥ ಅದರ ಗೆಡ್ಡೆಗಳು ಕೊಳೆತು ನೀರಾಗಿದ್ದವು. ನನ್ನ ಬೆರಳು ಮುಟ್ಟಿದ್ದು ಎರಡು ಇಂಚು, ಕುಂಡ ಇರುವುದು ಆರು ಇಂಚು. ಅಷ್ಟೇ ಲೆಕ್ಕ.

ಮಾಡುವುದು ಹೀಗೆ. ಕುಂಡಕ್ಕೆ ಚೆನ್ನಾಗಿ ನೀರು ಹಾಕಿ, ತೊಟ್ಟಿಕ್ಕುವುದು ಪೂರ್ತಿ ನಿಂತ ಮೇಲೆ ತೂಗಿ ಬರೆದುಕೊಳ್ಳಿ. ಇದು ಒದ್ದೆ ತೂಕ. ಆಮೇಲೆ ಗಿಡ ಬಾಯಾರಿಕೆ ತೋರಿಸುವವರೆಗೆ ಒಂದು ಸಲ, ಒಂದೇ ಸಲ, ಬಿಡಿ. ಅದು ಒಣ ತೂಕ. ನನ್ನ 6 ಇಂಚಿನ ಪ್ಲಾಸ್ಟಿಕ್ ಕುಂಡದ ಮನಿ ಪ್ಲಾಂಟ್ ಒದ್ದೆಯಾಗಿದ್ದಾಗ ಸುಮಾರು 1400 ಗ್ರಾಂ, ಎಲೆ ಸೊರಗಿದಾಗ 850ರ ಆಸುಪಾಸು. ಅಂದರೆ ಮಧ್ಯೆ 550 ಗ್ರಾಂ ನೀರಿನ ಆಟ. 1100ಕ್ಕೆ ಬಂದಾಗ ನೀರು ಹಾಕುತ್ತೇನೆ. ಎಷ್ಟು ಹಾಕಬೇಕು ಅನ್ನುವುದೂ ಇಲ್ಲೇ ಸಿಗುತ್ತೆ, ಒಂದು ಮಿಲಿಲೀಟರ್ ನೀರು ಒಂದು ಗ್ರಾಂ ಅಲ್ವಾ, 300 ಕಡಿಮೆ ಇದ್ದರೆ 300 ಮಿಲಿ. ತಿಂಗಳಿಗೊಮ್ಮೆ ಮಾತ್ರ ಅಳತೆ ಬಿಟ್ಟು ಕೆಳಗಿನಿಂದ ಹರಿದು ಹೋಗುವಷ್ಟು ಹಾಕುತ್ತೇನೆ, ಇಲ್ಲದಿದ್ದರೆ ಉಪ್ಪು ಕೂಡಿಕೊಳ್ಳುತ್ತೆ.

ಸ್ನೇಕ್ ಪ್ಲಾಂಟ್‌ಗೆ ಒಣ ತೂಕದ ಹತ್ತಿರ ಬರುವವರೆಗೂ ಕೈ ಹಾಕುವುದಿಲ್ಲ. ಸಾಧಾರಣವಾಗಿ 20-25 ದಿನ, ಮೋಡ ಕವಿದ ದಿನಗಳಲ್ಲಿ 35 ದಾಟಿದ್ದೂ ಇದೆ. ಝಡ್‌ಝಡ್ ಅಂತೂ ಒಣ ತೂಕಕ್ಕೆ ಬಂದ ಮೇಲೂ ಒಂದು ವಾರ ಸುಮ್ನೆ ಬಿಟ್ಟು ಬಿಡುತ್ತೇನೆ. ಈ ಎರಡಕ್ಕೂ ಬಾಯಾರಿಕೆ ಕಾಣುವಷ್ಟು ಕಾಯುವುದು ಕಷ್ಟ, ತಿಂಗಳುಗಟ್ಟಲೆ ಹಿಡಿಯುತ್ತೆ. ಅವುಗಳ ಒಣ ತೂಕ ಬೇಗ ಹಿಡಿಯಲು ಒಂದು ಉಪಾಯ ಕಂಡುಕೊಂಡಿದ್ದೇನೆ, ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ನನ್ನ ಮಣ್ಣಿನ ಅಳತೆಯೂ ಹಾಗೆಯೇ. ಕೋಕೋಪೀಟ್, ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು), ಎರೆಗೊಬ್ಬರ ಇದೆ ಅನ್ನುವಷ್ಟು ಹೇಳಬಹುದು.

ಈ ವಿಧಾನದಲ್ಲೂ ಎಡವಿದ್ದೇನೆ, ಅದನ್ನು ಮುಚ್ಚಿಡುವುದಿಲ್ಲ. ಶುರುವಿನಲ್ಲಿ, ಆ 14 ತಿಂಗಳಿಗೂ ಮೊದಲು, ಹೊರಗಿನ ಚೆಂದದ ಪಿಂಗಾಣಿ ಕುಂಡದ ಸಮೇತ ತೂಗುತ್ತಿದ್ದೆ. ಅದರ ತಳದಲ್ಲಿ ನೀರು ನಿಂತಿದ್ದು ಕಾಣಲೇ ಇಲ್ಲ, ಮತ್ತೊಂದು ಸ್ನೇಕ್ ಪ್ಲಾಂಟ್ ಹೋಗಿದ್ದು ಹಾಗೆ. ಇನ್ನೊಂದು ಸಲ ಮನಿ ಪ್ಲಾಂಟಿನ ಉದ್ದ ಬಳ್ಳಿ ಕತ್ತರಿಸಿ, ತೂಕ ತಿದ್ದುವುದನ್ನು ಮರೆತೆ. ಕುಂಡ ಹಗುರವಾಗಿದ್ದು ಬಳ್ಳಿ ಹೋಗಿದ್ದರಿಂದ, ನಾನು ಅಂದುಕೊಂಡಿದ್ದು ನೀರು ಹೋಯಿತು ಅಂತ. ಎರಡು ವಾರ ಜಾಸ್ತಿ ನೀರು ಕುಡಿದು ಎಲೆ ಹಳದಿಯಾಯಿತು, ಪುಣ್ಯಕ್ಕೆ ಉಳಿಯಿತು. ಈಗ ಕತ್ತರಿಸಿದಾಗಲೆಲ್ಲ, ಇಲ್ಲದಿದ್ದರೂ ಮೂರು ನಾಲ್ಕು ತಿಂಗಳಿಗೊಮ್ಮೆ, ಹೊಸದಾಗಿ ತೂಗುತ್ತೇನೆ.

ಕತ್ತರಿಸಿದ ಆ ಬಳ್ಳಿಯಿಂದ 16 ತುಂಡು ಮಾಡಿ ನೀರಿನಲ್ಲಿಟ್ಟೆ. 13 ಬೇರು ಬಿಟ್ಟವು. ಉಳಿದ ಮೂರರಲ್ಲಿ ಗಿಣ್ಣು ಇರಲಿಲ್ಲ, ಬರೀ ಎಲೆ ಮತ್ತು ತೊಟ್ಟು. ಗಿಣ್ಣಿಲ್ಲದೆ ಹೊಸ ಗಿಡ ಬರಲ್ಲ ಅಂತ ಗೊತ್ತಿದ್ದೂ ಇಟ್ಟಿದ್ದೆ, ಏನಾಗುತ್ತೋ ನೋಡೋಣ ಅಂತ. ಏನೂ ಆಗಲಿಲ್ಲ. ಸ್ನೇಕ್ ಪ್ಲಾಂಟಿನ ಹಳದಿ ಅಂಚಿನ ಎಲೆ ತುಂಡು ಮಾಡಿ ನೆಟ್ಟಿದ್ದು ಮಾತ್ರ ಬೇಜಾರು ತಂದಿತು. ನಾಲ್ಕು ತಿಂಗಳು ಕಾದರೆ ಬಂದ ಮರಿಗಳೆಲ್ಲ ಬರೀ ಹಸಿರು. ಆ ಅಂಚು ಬೇಕಿದ್ದರೆ ಬುಡದ ಗೆಡ್ಡೆಯನ್ನೇ ಬೇರೆ ಮಾಡಿ ನೆಡಬೇಕು.

ತಕ್ಕಡಿ ಕೈಗೆ ಬಂದ ಮೇಲೆ ಇನ್ನೊಂದನ್ನೂ ಪರೀಕ್ಷಿಸಿದೆ. ಕುಂಡದ ತಳಕ್ಕೆ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತೆ ಅಂತಾರಲ್ಲ, ಎರಡು ಪಾರದರ್ಶಕ ಡಬ್ಬಿಗೆ ತೂತು ಮಾಡಿ ಒಂದಕ್ಕೆ ಜಲ್ಲಿ ಹಾಕಿದೆ, ಒಂದಕ್ಕೆ ಬರೀ ಮಣ್ಣು. ತಳದಲ್ಲಿ ನಿಲ್ಲುವ ಕೆಸರಿನ ಪಟ್ಟಿ ಜಲ್ಲಿ ಇದ್ದ ಡಬ್ಬಿಯಲ್ಲೂ ಹೋಗಲಿಲ್ಲ, ಜಲ್ಲಿಯ ಮೇಲಕ್ಕೆ ಬಂದು ಕೂತಿತು, ಬೇರಿಗೆ ಇನ್ನೂ ಹತ್ತಿರ. ನಂಬದವರು ಒದ್ದೆ ಸ್ಪಂಜನ್ನು ಅಡ್ಡ ಹಿಡಿದು ತೊಟ್ಟಿಕ್ಕುವುದು ನಿಂತ ಮೇಲೆ ನೆಟ್ಟಗೆ ಹಿಡಿದು ನೋಡಲಿ, ಮತ್ತೆ ನೀರು ಇಳಿಯುತ್ತೆ. ಎತ್ತರ ಇದ್ದಷ್ಟೂ ಚೆನ್ನಾಗಿ ಬಸಿಯುತ್ತೆ. ಜಲ್ಲಿ ಹಾಕಿದರೆ ಮಣ್ಣಿನ ಎತ್ತರವೇ ಕಡಿಮೆಯಾಯಿತಲ್ಲ. ಆಮೇಲೆ ನಾನು ಜಲ್ಲಿ ಮುಟ್ಟಿಲ್ಲ.

ತೂಕದಿಂದ ಇನ್ನೊಂದು ಲಾಭ ಆಯಿತು. ಕುಂಡದ ಸುತ್ತ ಹಾರುವ ಸಣ್ಣ ಕಪ್ಪು ನೊಣಗಳಿಗೆ ಹಳದಿ ಅಂಟು ಕಾಗದ, ಬೇವಿನೆಣ್ಣೆ ಅಂತ ಎಷ್ಟು ದುಡ್ಡು ಸುರಿದಿದ್ದೆನೋ. ಅವುಗಳ ಮರಿ ಬೆಳೆಯುವುದು ಒದ್ದೆ ಇರುವ ಮೇಲ್ಮಣ್ಣಿನಲ್ಲಿ. ನೀರು ತಡ ಮಾಡಿದ ಆರೇಳು ವಾರದಲ್ಲಿ ತಾವೇ ಕಾಣೆಯಾದವು.

ಹೊಸಬರು ಯಾವುದು ತರಲಿ ಅಂತ ಕೇಳಿದರೆ ಮನಿ ಪ್ಲಾಂಟ್ ಮತ್ತು ಸ್ಪೈಡರ್ ಪ್ಲಾಂಟ್ ಅನ್ನುತ್ತೇನೆ, ಮೂರನೆಯದು ಸ್ನೇಕ್ ಪ್ಲಾಂಟ್. ಮೊದಲೆರಡನ್ನು ಕೊಳ್ಳುವುದೂ ಬೇಡ, ಬೆಳೆಸಿದವರನ್ನು ಒಂದು ತುಂಡು ಕೇಳಿ. ಮನೆಯಲ್ಲಿ ಬೆಕ್ಕು ಇದ್ದರೆ ಸ್ಪೈಡರ್ ಮಾತ್ರ ಕೈಗೆಟಕುವಲ್ಲಿ ಇಡಿ, ನಮ್ಮ ಬೆಕ್ಕು ಅದರ ಎಲೆ ಜಗಿಯುತ್ತಲೇ ಇರುತ್ತೆ, ವಿಷವಲ್ಲ. ಉಳಿದವು, ಝಡ್‌ಝಡ್, ಲಿಲಿ ಸೇರಿ, ಎತ್ತರದ ಕಪಾಟಿಗೆ. ಸ್ಪೈಡರ್ ಎಲೆಯ ತುದಿ ಕಂದಾದರೆ ಗಾಬರಿ ಬೇಡ, ನೀರಿನಲ್ಲಿರುವ ಉಪ್ಪು, ಫ್ಲೋರೈಡ್ ಅದಕ್ಕೆ ಆಗಿಬರಲ್ಲ. ನಾನು ಮಳೆ ನೀರಿಗೆ ಬದಲಾದ ಮೇಲೆ ಹೊಸ ಎಲೆ ಚೆನ್ನಾಗಿ ಬಂತು. ಹಳೆಯದು ಕಂದಾಗಿಯೇ ಉಳಿಯಿತು. ಇನ್ನು ಕಿಟಕಿ. ಕಡಿಮೆ ಬೆಳಕು ಸಾಕು ಅಂತ ಬರೆದಿರುವ ಗಿಡವೂ ಮೂಲೆಯಲ್ಲಿ ಬದುಕುತ್ತೆ, ಬೆಳೆಯಲ್ಲ. ನನ್ನ ಒಂದೇ ಥರದ ಎರಡು ಝಡ್‌ಝಡ್‌ಗಳಲ್ಲಿ ಕಿಟಕಿ ಪಕ್ಕದ್ದು ಒಂದು ವರ್ಷದಲ್ಲಿ ಐದು ಹೊಸ ಕಡ್ಡಿ ಕೊಟ್ಟಿತು, ಮೂಲೆಯದು ಒಂದು.

ಅಕ್ಕ ಈಗ ತಾನೂ ಒಂದು ತಕ್ಕಡಿ ಕೊಂಡಿದ್ದಾಳೆ. "ಲಿಲಿ 1180 ತೋರಿಸ್ತಿದೆ ಕಣೋ, ನೀರು ಹಾಕ್ಲಾ?" ಅಂತ ಮೆಸೇಜ್ ಬರುತ್ತೆ. ನನಗೆ ಇನ್ನೂ ಬಗ್ಗದೆ ಇರುವುದು ಮೇಡನ್‌ಹೇರ್ ಫರ್ನ್ ಒಂದೇ. ಮೂರನೆಯದನ್ನು ತಂದಿದ್ದೇನೆ. ದಿನಕ್ಕೆ ಎರಡು ಸಲ ತೂಗಿದರೂ, ನಾನು ಒಂದು ದಿನ ಮನೆಯಲ್ಲಿಲ್ಲದ ಹೊತ್ತು ನೋಡಿಕೊಂಡು ಹಪ್ಪಳದ ಹಾಗೆ ಗರಿಗರಿಯಾಗಿ ಬಿಡುತ್ತೆ.