ಹಳೇ ಲ್ಯಾಪ್‌ಟಾಪ್‌ನಲ್ಲಿ ಗೊಡೊ 4 ತೆರೆದ ಕೂಡಲೇ ಮುಚ್ಚಿಕೊಳ್ಳುತ್ತಿದ್ದರೆ
ಆಟ ತಯಾರಿಸುವ ತಂತ್ರಾಂಶ ಗೊಡೊವನ್ನು ವಲ್ಕನ್ ಬದಲು ಓಪನ್‌ಜಿಎಲ್‌ನಲ್ಲಿ ತೆರೆಯಿರಿ (ಇವೆರಡೂ ಗ್ರಾಫಿಕ್ಸ್ ಚಿಪ್ ಜೊತೆ ಮಾತಾಡುವ ವಿಧಾನಗಳು, ಓಪನ್‌ಜಿಎಲ್ ಹಳೆಯದು). ವಿಂಡೋಸ್‌ನಲ್ಲಿ ಗೊಡೊ ಶಾರ್ಟ್‌ಕಟ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಟಾರ್ಗೆಟ್ ಸಾಲಿನ ಕೊನೆಗೆ ಒಂದು ಸ್ಪೇಸ್ ಬಿಡಿ. ಆಮೇಲೆ ಎರಡು ಹೈಫನ್, ರೆಂಡರಿಂಗ್, ಹೈಫನ್, ಡ್ರೈವರ್, ಸ್ಪೇಸ್, ಓಪನ್‌ಜಿಎಲ್3 ಎಂದು ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ ಟೈಪ್ ಮಾಡಿ (--rendering-driver opengl3). ಎಡಿಟರ್ ತೆರೆದ ಮೇಲೆ ಬಲಗಡೆ ಮೇಲಿನ ಮೂಲೆಯಲ್ಲಿ ಫಾರ್ವರ್ಡ್ ಪ್ಲಸ್ (ಚಿತ್ರ ಬಿಡಿಸುವ ವಿಧಾನದ ಹೆಸರು) ಅಂತ ಇರುತ್ತದಲ್ವಾ, ಅದನ್ನು ಕಂಪ್ಯಾಟಿಬಿಲಿಟಿ ಮಾಡಿ. ಇದನ್ನು ಮರೆಯಬೇಡಿ, ಇಲ್ಲದಿದ್ದರೆ ಆಟ ಓಡಿಸುವಾಗ ಮತ್ತೆ ಅದೇ ಕಥೆ. ಫಾರ್ವರ್ಡ್ ಪ್ಲಸ್‌ಗೆ ವಲ್ಕನ್‌ನಂಥ ಹೊಸ ಡ್ರೈವರ್ ಬೇಕು. ಇಂಟೆಲ್ 6ನೇ ತಲೆಮಾರಿಗಿಂತ ಹಳೆಯ ಚಿಪ್‌ಗಳಿಗೆ ವಿಂಡೋಸ್‌ನಲ್ಲಿ ವಲ್ಕನ್ ಡ್ರೈವರ್ ಬರಲೇ ಇಲ್ಲ. ಕಂಪ್ಯಾಟಿಬಿಲಿಟಿಗೆ ಓಪನ್‌ಜಿಎಲ್ 3.3 ಇದ್ದರೆ ಸಾಕು. ಇಂಟೆಲ್‌ನ 3ನೇ ತಲೆಮಾರಿನ ಗ್ರಾಫಿಕ್ಸ್ ಆದ ಎಚ್‌ಡಿ 4000 ಕೂಡ ಅಷ್ಟನ್ನು ಕೊಡುತ್ತದೆ. ಹೊಸ ಗೊಡೊ ಆವೃತ್ತಿಗಳು ವಲ್ಕನ್ ಸಿಗದಿದ್ದರೆ ತಾವೇ ಓಪನ್‌ಜಿಎಲ್‌ಗೆ ಇಳಿಯುತ್ತವೆ. ಆದರೆ ಡ್ರೈವರ್ 'ವಲ್ಕನ್ ಇದೆ' ಎಂದು ಹೇಳಿ ನಡುವೆ ಕೈಕೊಟ್ಟರೆ ನಾವೇ ಹೇಳಿಕೊಡಬೇಕು. ನಿಮ್ಮದು 6ನೇ ತಲೆಮಾರು ಅಥವಾ ಹೊಸದಾದರೆ ಮೊದಲು ಡ್ರೈವರ್ ಅಪ್‌ಡೇಟ್ ಮಾಡಿ ನೋಡಿ, ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. 2ನೇ ತಲೆಮಾರಿನ ಎಚ್‌ಡಿ 3000ಕ್ಕೆ ಈ ಉಪಾಯ ನಡೆಯುವ ಖಾತ್ರಿ ಇಲ್ಲ, ವಿಂಡೋಸ್‌ನಲ್ಲಿ ಅದರ ಡ್ರೈವರ್ ಓಪನ್‌ಜಿಎಲ್ 3.1ಕ್ಕೇ ನಿಲ್ಲುತ್ತದೆ. ನಿಮ್ಮ ಆಟಕ್ಕೆ ವಾಲ್ಯೂಮೆಟ್ರಿಕ್ ಮಂಜು (ಬೆಳಕು ಹಾಯುವ, ಆಳವಿರುವ ಮಂಜು) ಬೇಕೇ ಬೇಕು ಅಂದ್ರೂ ಕಷ್ಟ, ಕಂಪ್ಯಾಟಿಬಿಲಿಟಿಯಲ್ಲಿ ಅದು ಇಲ್ಲ. 2ಡಿ ಆಟ ಮಾಡುವವರಂತೂ ಧೈರ್ಯವಾಗಿ ಬದಲಾಯಿಸಿಕೊಳ್ಳಿ.