ಗ್ಯಾಸ್ ಓಮ್ನಿಗೆ ಬೇರೆ ನಂಬರಿನ ಪ್ಲಗ್: ನನ್ನ ಅನುಭವ

ಗ್ಯಾಸ್‌ನಲ್ಲಿ (ಎಲ್‌ಪಿಜಿ) ಓಡುವ ಮಾರುತಿ ಓಮ್ನಿ ವ್ಯಾನಿಗೆ ಕಂಪನಿ ನಂಬರ್ ಬಿಟ್ಟು ಬೇರೆ ಸ್ಪಾರ್ಕ್ ಪ್ಲಗ್ ಹಾಕುತ್ತೇನೆ ಎಂದಾಗ ಹದಡಿ ರಸ್ತೆಯ ನಮ್ಮ ಮೆಕ್ಯಾನಿಕ್ ಬಳಗದಲ್ಲಿ ಒಬ್ಬರೂ ಒಪ್ಪಲಿಲ್ಲ. "ಪಿಸ್ಟನ್ ತೂತಾದ್ರೆ ಯಾರಪ್ಪಾ ಕಟ್ಟಿಕೊಡ್ತಾರೆ?" ಎಂದರು. ಪಿಸ್ಟನ್ ಸುಡುವುದು ಬಿಸಿ ಪ್ಲಗ್, ಅಂದರೆ ತುದಿಯ ಶಾಖವನ್ನು ನಿಧಾನವಾಗಿ ಬಿಡುವಂಥದು; ಬೇಗ ಬಿಡುವುದು ತಣ್ಣಗಿನ ಪ್ಲಗ್. ನಾನು ಹಾಕಲು ಹೊರಟಿದ್ದು ಒಂದು ಹಂತ ತಣ್ಣಗಿನದು. ಈಗ ದಾವಣಗೆರೆಯ ಒಂದು ಬೇಸಿಗೆ ಪೂರ್ತಿ ಕಳೆದಿದೆ, ಗಾಡಿ ಎಲ್ಲೂ ನಿಂತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಗಾಡಿ ಮಂಡಕ್ಕಿ ವ್ಯಾಪಾರಿಯೊಬ್ಬರದು. ಹರಿಹರ, ಹೊಳಲ್ಕೆರೆ ಕಡೆ ದಿನಾ ಓಡಾಟ. ನನ್ನ ಹತ್ತಿರ ಬರುವ ಮೊದಲೇ ಬೇರೆ ಕಡೆ ಪ್ಲಗ್ ವೈರ್, ಡಿಸ್ಟ್ರಿಬ್ಯೂಟರ್ ಕ್ಯಾಪ್, ರೋಟರ್ ಎಲ್ಲ ಹಾಕಿಸಿ ಸುಮಾರು 2,500 ರೂಪಾಯಿ ಕಳೆದುಕೊಂಡಿದ್ದರು. ಮಿಸ್ಸಿಂಗ್ (ಎಂಜಿನ್ ನಡುನಡುವೆ ತಪ್ಪಿ ಉರಿಯುವುದು) ಮಾತ್ರ ಹೋಗಿರಲಿಲ್ಲ. ಸೀಟ್ ಎತ್ತಿ ಬಿಚ್ಚಿದರೆ ಮೂರೂ ಪ್ಲಗ್ ಕರ್ರಗೆ. ನಂಬರ್ ನೋಡಿದೆ: ಬಾಷ್ ಡಬ್ಲ್ಯುಆರ್5ಡಿಸಿ. ಮೊದಲು ಇದ್ದದ್ದು ಎನ್‌ಜಿಕೆ ಬಿಪಿಆರ್5ಇವೈ. ಯಾರೋ 5ಕ್ಕೆ 5 ಸರಿಹೋಗುತ್ತದೆ ಎಂದು ಹಾಕಿಬಿಟ್ಟಿದ್ದಾರೆ! ಎನ್‌ಜಿಕೆಯಲ್ಲಿ ನಂಬರ್ ಏರಿದಷ್ಟೂ ತಣ್ಣಗೆ, ಬಾಷ್‌ನಲ್ಲಿ ಏರಿದಷ್ಟೂ ಬಿಸಿ. ಚಾಂಪಿಯನ್‌ದೂ ಬಾಷ್ ದಾರಿಯೇ. ಎನ್‌ಜಿಕೆ 5ಕ್ಕೆ ಬಾಷ್ 8 ಬರಬೇಕು, 6ಕ್ಕೆ 7. ಬಾಷ್ 5 ಅತಿ ತಣ್ಣಗಿನದು, ಅದಕ್ಕೇ ಕರಿ ಕಟ್ಟಿತ್ತು. ಹಳೇ ಮೈಕೋ (ಇಲ್ಲಿ ಬಾಷ್‌ನ ಹಿಂದಿನ ಹೆಸರು) ಡಬ್ಬಿಯ 175, 225 ಮತ್ತೆ ಉಲ್ಟಾ, ಅಲ್ಲಿ ದೊಡ್ಡ ನಂಬರೇ ತಣ್ಣಗಿನದು. ಹಳೇ ಸ್ಟಾಕ್ ಇಟ್ಟುಕೊಂಡವರು ಇದನ್ನು ಗೋಡೆ ಮೇಲೆ ಬರೆದುಕೊಳ್ಳಿ.

ಮೊದಲು ಅಸಲಿ ನಂಬರನ್ನೇ, ಅಂದರೆ ಎನ್‌ಜಿಕೆ 5ನ್ನೇ ಹಾಕಿ ನೋಡಿದೆ. ಕರಿ ಹೋಯಿತು. ಆದರೆ ಲೋಡ್ ಇಟ್ಟುಕೊಂಡು ಏರು ಹತ್ತಿದರೆ ಮತ್ತೆ ಜರ್ಕ್. ಕೆಲವು ವಾರ ಬಿಟ್ಟು ಬಿಚ್ಚಿ ನೋಡಿದೆ. ಗ್ಯಾಸ್‌ನಲ್ಲಿ ತುದಿ ಬಿಳಿ ಇರುವುದು ಸಹಜ, ಅದನ್ನು ನಂಬಬಾರದು. ಎಲೆಕ್ಟ್ರೋಡ್ ಅಂಚು ನೋಡಬೇಕು. ಅದು ಸುಟ್ಟು ದುಂಡಗಾಗಿತ್ತು, ಕಿಡಿ ಹಾರುವ ಗ್ಯಾಪ್ ಅಗಲವಾಗಿತ್ತು. ಅಂದರೆ ಈ ಗಾಡಿಗೆ 5 ಬಿಸಿ ಜಾಸ್ತಿ.

ಸ್ಪೇರ್ಸ್ ಅಂಗಡಿಯಲ್ಲಿ ಆಗ ಇದ್ದದ್ದು ಎನ್‌ಜಿಕೆ ಬಿಸಿಪಿಆರ್6ಇಎಸ್. ಥ್ರೆಡ್ ಅದೇ 14 ಎಂಎಂ, ಥ್ರೆಡ್ ಉದ್ದ ಅದೇ 19 ಎಂಎಂ, ರೇಡಿಯೋ ಗದ್ದಲ ತಡೆಯುವ ರೆಸಿಸ್ಟರ್ ಇದೆ. ವ್ಯತ್ಯಾಸ ಮೂರು: ಒಂದು ಹಂತ ತಣ್ಣಗಿದೆ, ಎಲೆಕ್ಟ್ರೋಡ್‌ನಲ್ಲಿ ವಿ ಗೀರಿಲ್ಲ, 21ರ ಸ್ಪ್ಯಾನರ್ ಬದಲು 16 ಬೇಕು. ನಂಬರ್ ಓದಿ ಸುಮ್ಮನಾಗಲಿಲ್ಲ. ಹಳೆಯದು, ಹೊಸದು ಪಕ್ಕಪಕ್ಕ ನಿಲ್ಲಿಸಿ ವಾಷರ್‌ನಿಂದ ಥ್ರೆಡ್ ಕೊನೆಯವರೆಗೆ ವರ್ನಿಯರ್ ಹಿಡಿದು ಅಳೆದೆ. ತಲೆಯ ನಟ್ ಇಕ್ಕಳದಿಂದ ಬಿಗಿ ಮಾಡಿದೆ. ಅದು ಸಡಿಲ ಇದ್ದರೂ ಮಿಸ್ಸಿಂಗ್ ಬರುತ್ತದೆ, ಎಷ್ಟೋ ಜನ ನೋಡುವುದೇ ಇಲ್ಲ.

ಗ್ಯಾಪ್ ಪೆಟ್ರೋಲ್‌ಗಿಂತ ಕಡಿಮೆ, 0.7 ಎಂಎಂ ಆಸುಪಾಸು. ಮೂರಕ್ಕೂ ಒಂದೇ ಇಟ್ಟಿಲ್ಲ. ಯಾವುದಕ್ಕೆ ಎಷ್ಟು, ಯಾಕೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ದುಡಿಮೆ. ಎಂಜಿನ್ ಪೂರ್ತಿ ಆರಿದ ಮೇಲೆ ಕೈಯಲ್ಲೇ ವಾಷರ್ ಕೂರುವವರೆಗೆ ತಿರುಗಿಸಿ, ಆಮೇಲೆ ಸ್ಪ್ಯಾನರ್‌ನಲ್ಲಿ ಅರ್ಧ ಸುತ್ತಿಗಿಂತ ಚೂರು ಜಾಸ್ತಿ. ಗ್ರೀಸ್ ಹಚ್ಚಲಿಲ್ಲ.

ಮೂರು ಪ್ಲಗ್‌ಗೆ 400 ರೂಪಾಯಿ ಒಳಗೇ ಆಯಿತು. ಜರ್ಕ್ ಪೂರ್ತಿ ಹೋಯಿತು. ಲೀಟರಿಗೆ ಒಂದು ಕಿಲೋಮೀಟರ್ ಜಾಸ್ತಿ ಕೊಡುತ್ತಿದೆ ಎನ್ನುತ್ತಾರೆ ಮಾಲೀಕರು. ಬೇಡ ಎಂದಿದ್ದವರಲ್ಲಿ ಒಬ್ಬರು ಆಮೇಲೆ ತಮ್ಮ ಗಾಡಿಯನ್ನೇ ತಂದು ನಿಲ್ಲಿಸಿದರು.

ನಡುವೆ ಇರಿಡಿಯಂ ಲೋಹದ ತುದಿಯ ಪ್ಲಗ್ ಕೂಡ ಹಾಕಿ ನೋಡಿದೆ. ಒಂದಕ್ಕೆ 650ರ ಹತ್ತಿರ. ಬೆಳಗಿನ ಸ್ಟಾರ್ಟ್ ಚೆನ್ನಾಗಿತ್ತು, ಏರಿನಲ್ಲಿ ಸಾದಾ ಪ್ಲಗ್‌ಗೂ ಅದಕ್ಕೂ ವ್ಯತ್ಯಾಸ ಕಾಣಲಿಲ್ಲ. ಮೂರು ಇರಿಡಿಯಂನ ದುಡ್ಡಿಗೆ ಸಾದಾ ಪ್ಲಗ್ ನಾಲ್ಕೈದು ಸೆಟ್ ಬರುತ್ತಿತ್ತು. ಅದರ ಸಣ್ಣ ತುದಿಗೆ ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಪಟ್ಟಿ) ಒತ್ತಲು ಹೋಗಬೇಡಿ, ಮುರಿಯುತ್ತದೆ.

ಇದೇ ಧೈರ್ಯವನ್ನು ಹುಲ್ಲು ಕತ್ತರಿಸುವ ಬ್ರಷ್ ಕಟರ್ ಮೇಲೆ ತೋರಿಸಬೇಡಿ. ಚನ್ನಗಿರಿ ಕಡೆಯ ತೋಟದವರು ತರುವ ಕಟರ್‌ಗಳಲ್ಲಿ ಬಿಪಿಎಂಆರ್7ಎ ಜಾಸ್ತಿ. ಅದರ ಥ್ರೆಡ್ ಉದ್ದ 9.5 ಎಂಎಂ ಮಾತ್ರ. ಅದೇ 14ರ ಥ್ರೆಡ್‌ನ ಉದ್ದ ಪ್ಲಗ್ ಸಲೀಸಾಗಿ ಒಳಗೆ ಹೋಗುತ್ತದೆ, ಪಿಸ್ಟನ್‌ಗೆ ಬಡಿಯುತ್ತದೆ. ಅಲ್ಲಿ ಉದ್ದದ ವಿಷಯದಲ್ಲಿ ರಾಜಿ ಇಲ್ಲವೇ ಇಲ್ಲ.

ಓಮ್ನಿಯಲ್ಲೂ 6 ಎಲ್ಲರಿಗೂ ಅಲ್ಲ. ಪೆಟ್ರೋಲ್‌ನಲ್ಲೇ ಜಾಸ್ತಿ ಓಡಿಸುವವರು, ಊರೊಳಗೇ ಸುತ್ತುವವರು 5ರಲ್ಲೇ ಇರಲಿ, ಇಲ್ಲದಿದ್ದರೆ ಮತ್ತೆ ಕರಿ ಕಟ್ಟುತ್ತದೆ. ಗ್ಯಾಸ್‌ನಲ್ಲಿ ಹೈವೇ ಓಡುವ ಗಾಡಿಗೆ 6 ಹಾಕಿ, 5,000 ಕಿಲೋಮೀಟರ್‌ಗೊಮ್ಮೆ ಗ್ಯಾಪ್ ನೋಡಿ.